ಬೌಲ್ಡರಿಂಗ್: ಭಾರ ಕಾಲಿನ ಮೇಲಿರಲಿ

ಹಗ್ಗ ಕಟ್ಟಿಕೊಳ್ಳದೆ, ಕೆಳಕ್ಕೆ ಹಾರಿ ಇಳಿಯಬಹುದಾದಷ್ಟೇ ಎತ್ತರದ ಬಂಡೆಯನ್ನು ಹತ್ತುವುದು ಬೌಲ್ಡರಿಂಗ್. ಕೆಳಗೆ ಕ್ರ್ಯಾಶ್ ಪ್ಯಾಡ್ ಎಂಬ ದಪ್ಪ ಮೆತ್ತೆ, ಬೀಳುವವರ ತಲೆ-ಬೆನ್ನು ಕಾಯಲು ಒಬ್ಬ ಸ್ಪಾಟರ್, ಕಾಲಿಗೆ ರಬ್ಬರ್ ಅಟ್ಟೆಯ ಬಿಗಿ ಶೂ, ಬೆವರು ಹೀರಲು ಚಾಕ್ ಪುಡಿ; ಸಲಕರಣೆ ಇಷ್ಟೇ. ಹತ್ತುವ ಒಂದೊಂದು ದಾರಿಯನ್ನೂ ‘ಪ್ರಾಬ್ಲಂ’ ಎನ್ನುತ್ತಾರೆ. ಅದರ ಕಷ್ಟವನ್ನು ಅಳೆಯಲು ವಿ0ಯಿಂದ ವಿ17ರವರೆಗಿನ ಅಮೆರಿಕದ ಶ್ರೇಣಿಯುಂಟು, ಪ್ಯಾರಿಸ್ ಬಳಿಯ ಫಾಂಟೆನ್‌ಬ್ಲೋ ಕಾಡಿನಲ್ಲಿ ಹುಟ್ಟಿದ ಫ್ರೆಂಚ್ ಶ್ರೇಣಿಯೂ ಉಂಟು. ಕಲಿಯುವವರು ಸದ್ಯಕ್ಕೆ ಎರಡನ್ನೂ ಮರೆತುಬಿಡಬಹುದು.

ಮರೆಯಬೇಕಾದ ಇನ್ನೊಂದು ಸಂಗತಿಯೆಂದರೆ ತೋಳ್ಬಲದ ಕಥೆಗಳು. ಉದಾಹರಣೆಗೆ, ಈ ಆಟಕ್ಕೆ ಚಾಕ್ ತಂದ ಜಾನ್ ಗಿಲ್. ಜಿಮ್ನಾಸ್ಟಿಕ್ಸ್ ಕಲಿತವರು, ಮುಂದೆ ಗಣಿತದ ಪ್ರಾಧ್ಯಾಪಕರಾದವರು. ಆಗ 1950ರ ದಶಕ. ಒಂದೇ ಕೈಯಲ್ಲಿ ಕಂಬಿ ಹಿಡಿದು ಇಡೀ ದೇಹವನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಬಲ್ಲವರಾಗಿದ್ದರು. ಅಂಥ ಚಿತ್ರಗಳನ್ನು ನೋಡಿದವರು ಬಂಡೆಯ ಬುಡಕ್ಕೆ ಬಂದೊಡನೆ ಮೇಲೆ ಕೈಗೆ ಏನು ಸಿಗುತ್ತದೆಂದು ಹುಡುಕುತ್ತಾರೆ. ಹಿಡಿಕೆ ಸಿಕ್ಕಿದ್ದೇ ತಡ, ಎಳೆದುಕೊಳ್ಳುತ್ತಾರೆ. ಕಾಲು ಹಿಂದಿನಿಂದ ತೇಲಾಡುತ್ತ ಬರುತ್ತದೆ. ಸ್ವಲ್ಪ ಹೊತ್ತಿಗೇ ಮುಂಗೈ ಕಲ್ಲಾಗಿ, ಬೆರಳು ಬಿಚ್ಚಿಕೊಳ್ಳುತ್ತವೆ. ಮೈಯ ಭಾರವನ್ನು ದಿನವಿಡೀ ಹೊತ್ತು ಪಳಗಿರುವುದು ತೊಡೆ, ಮುಂಗೈ ಅಲ್ಲ.

ಇದು ಎಲ್ಲಕ್ಕಿಂತ ಚೆನ್ನಾಗಿ ತಿಳಿಯುವುದು ಸ್ಲ್ಯಾಬ್‌ನಲ್ಲಿ, ಅಂದರೆ ಹಿಂದಕ್ಕೆ ಒರಗಿದ ನುಣುಪು ಇಳಿಜಾರಿನಲ್ಲಿ. ಹಂಪಿಯ ಉರುಟು ಗ್ರಾನೈಟ್ ಬಂಡೆಗಳ ಮೇಲೆ ಇಂಥವು ಬೇಕಾದಷ್ಟಿವೆ. ಆರೋಹಿ ಕ್ರಿಸ್ ಶರ್ಮಾ ಹಂಪಿಯಲ್ಲಿ ಹತ್ತುವುದನ್ನು ತೋರಿಸಿದ ‘ಪಿಲ್ಗ್ರಿಮೇಜ್’ ಚಿತ್ರ 2003ರಲ್ಲಿ ಬಂದ ಮೇಲೆ ಹೊರದೇಶಗಳ ಆರೋಹಿಗಳೂ ಈ ಊರನ್ನು ಹುಡುಕಿಕೊಂಡು ಬರುವುದು ಹೆಚ್ಚಾಯಿತು. ಸ್ಮಾರಕಗಳ ಕಲ್ಲನ್ನು ಮಾತ್ರ ಮುಟ್ಟಬಾರದು. ಹತ್ತಲು ಬಯಲಿನ ಬಂಡೆಗಳೇ ಧಾರಾಳ.

ಸ್ಲ್ಯಾಬ್ ಏರಿದವರಿಗೆ ಭಯವಾದಾಗ ಮೊದಲು ಮಾಡುವ ಕೆಲಸ ಬಂಡೆಯನ್ನು ತಬ್ಬಿಕೊಳ್ಳುವುದು. ಹತ್ತಿರವಿದ್ದಷ್ಟೂ ಭದ್ರ ಎಂದು ಮನಸ್ಸು ಹೇಳುತ್ತದೆ. ಆಗುವುದು ತದ್ವಿರುದ್ಧ: ಕಾಲು ಸರ್ರನೆ ಜಾರುತ್ತದೆ. ಗೋಡೆಗೆ ಒರಗಿಸಿದ ಏಣಿಯನ್ನು ನೆನೆಸಿಕೊಳ್ಳಿ. ಹೆಚ್ಚು ಓರೆಯಾದಷ್ಟೂ ಏಣಿಯ ಬುಡ ಹಿಂದಕ್ಕೆ ಜಾರಲು ನೋಡುತ್ತದೆ, ಏಕೆಂದರೆ ಗೋಡೆ ಅದರ ತಲೆಯನ್ನು ಹೊರಕ್ಕೆ ನೂಕುತ್ತಿರುತ್ತದೆ. ತಬ್ಬಿಕೊಂಡ ದೇಹದ್ದೂ ಇದೇ ಪಾಡು. ಗುರುತ್ವ ಕೇಂದ್ರ ಪಾದದ ನೇರದಿಂದ ಬಂಡೆಯ ಕಡೆಗೆ ಸರಿಯುತ್ತದೆ. ಮುಂದಕ್ಕೆ ಬೀಳದಿರಲು ಅಂಗೈಯನ್ನೋ ಮೊಣಕಾಲನ್ನೋ ಊರಲೇಬೇಕು. ಪಾದ ಬಂಡೆಯನ್ನು ಒತ್ತಬೇಕಾಗಿದ್ದ ಬಲದಲ್ಲಿ ಒಂದು ಪಾಲು ಹೀಗೆ ಅಂಗೈಗೆ ಹೋಗುತ್ತದೆ. ಘರ್ಷಣೆಯ ಮಿತಿ ನಿಂತಿರುವುದು ಒತ್ತುವ ಬಲದ ಮೇಲೆ. ಒತ್ತಡ ತಗ್ಗಿದರೆ ಹಿಡಿತವೂ ತಗ್ಗಿತು. ಅಂಗೈಗೆ ಹೋದ ಪಾಲಿನಿಂದಲೂ ಹೆಚ್ಚು ಉಪಯೋಗವಿಲ್ಲ. ಬೆವರಿದ ಚರ್ಮ ನುಣುಪು ಕಲ್ಲಿನ ಮೇಲೆ ರಬ್ಬರಿನಷ್ಟು ಕಚ್ಚಿಕೊಳ್ಳುವುದಿಲ್ಲ.

ಹಾಗಾಗಿ ಸ್ಲ್ಯಾಬ್ ಮೇಲೆ ಸೊಂಟವನ್ನು ಹೊರಕ್ಕೆ ತಂದು, ಪಾದಗಳ ನೇರ ಮೇಲೆ ನಿಲ್ಲಿಸಬೇಕು. ಕೈ ಬರೀ ಸಮತೋಲನಕ್ಕೆ. ಭಯವಾದಾಗ ಬಂಡೆಯಿಂದ ದೂರ ಸರಿಯಬೇಕು ಎಂಬುದನ್ನು ಮೈ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಒಪ್ಪಿದ ಕ್ಷಣದಲ್ಲಿ ಜಾರುತ್ತಿದ್ದ ಕಾಲು ಗಕ್ಕನೆ ನಿಂತುಬಿಡುವುದನ್ನು ಎಷ್ಟು ಸಲ ಕಂಡರೂ ನನಗೆ ರೋಮಾಂಚನವಾಗುತ್ತದೆ!

ಇನ್ನು ಹಿಮ್ಮಡಿ. ತುದಿಗಾಲಲ್ಲಿ ನಿಂತರೆ ಅಟ್ಟೆಯ ಚೂರು ಭಾಗವಷ್ಟೇ ಕಲ್ಲನ್ನು ಮುಟ್ಟುತ್ತದೆ. ಹಿಮ್ಮಡಿ ಇಳಿಸಿದರೆ ರಬ್ಬರ್ ಹರಡಿಕೊಂಡು ಗ್ರಾನೈಟಿನ ಹರಳುಗಳ ಸಂದಿಗೆ ಇಳಿಯುತ್ತದೆ. ಮೀನಖಂಡಕ್ಕೂ ವಿಶ್ರಾಂತಿ. ಇದನ್ನೇ ಸ್ಮಿಯರ್ ಮಾಡುವುದು ಎನ್ನುತ್ತಾರೆ. ಎದ್ದು ಕಾಣುವ ಗಟ್ಟಿ ಹರಳೊಂದು ಸಿಕ್ಕಿದರೆ ವಿಧಾನ ಬೇರೆ. ಶೂವಿನ ಹೆಬ್ಬೆರಳ ಅಂಚನ್ನು ಅದರ ಮೇಲಿಟ್ಟು, ಹಿಮ್ಮಡಿಯನ್ನು ಅಲುಗಿಸದೆ ಎದ್ದು ನಿಲ್ಲಬೇಕು. ಇಡುವಾಗ ಕಣ್ಣು ಆ ಹರಳಿನ ಮೇಲೇ ಇರಲಿ. ಬಹಳ ಮಂದಿ ಪಾದ ತಾಗುವ ಅರೆಕ್ಷಣ ಮೊದಲೇ ಮುಂದಿನ ಹಿಡಿಕೆಯತ್ತ ತಲೆ ಎತ್ತುತ್ತಾರೆ. ಪಾದ ಒಂದು ಬೆರಳಗಲ ಆಚೆ ಕೂರುತ್ತದೆ. ಕಾಲಿಟ್ಟಾಗ ಸದ್ದಾದರೆ, ಕಣ್ಣು ಬೇರೆಲ್ಲೋ ಇತ್ತೆಂದೇ ಅರ್ಥ. ಹತ್ತುವ ಮುನ್ನ ಅಟ್ಟೆಯ ಮರಳನ್ನು ಒರೆಸಿಕೊಳ್ಳುವುದನ್ನಂತೂ ಬಿಡಬೇಡಿ.

ನೆತ್ತಿಯ ಮೇಲೆ ಚಾಚಿದ ಓವರ್‌ಹ್ಯಾಂಗ್‌ನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ದೇಹ ಪಾದಗಳಿಂದ ಹೊರಕ್ಕೆ ತೂಗುತ್ತದೆ, ಆದ್ದರಿಂದ ಸೊಂಟ ಬಂಡೆಗೆ ಹತ್ತಿರ ಬಂದಷ್ಟೂ ಬೆರಳಿನ ಹೊರೆ ಇಳಿಯುತ್ತದೆ. ಮೊಣಕೈ ಮಡಚದೆ ತೋಳು ನೀಡಿ ತೂಗಿ, ಕಾಲ್ಬೆರಳಿಂದ ಕಲ್ಲನ್ನು ನಿಮ್ಮತ್ತ ಸೆಳೆದುಕೊಳ್ಳಿ. ಜಿಮ್‌ನ ಇಂಥ ಚಾಚಿದ ಗೋಡೆಗಳಲ್ಲಿ ಕಲಿತು ಬಂದವರು ಹಂಪಿಯ ಸ್ಲ್ಯಾಬ್‌ನಲ್ಲಿ ಎಡವುವುದು ಇಲ್ಲೇ. ಅಲ್ಲಿನ ಒಳ್ಳೆಯ ಅಭ್ಯಾಸ ಇಲ್ಲಿ ಕಾಲನ್ನು ಜಾರಿಸುತ್ತದೆ.

ಬೀಳುವುದನ್ನೂ ಕಲಿಯಬೇಕು. ಎರಡೂ ಪಾದದ ಮೇಲೆ ಇಳಿದು, ಮಂಡಿ ಮಡಚಿ, ಬೆನ್ನಿನ ಮೇಲೆ ಉರುಳಿ. ಕೈಯನ್ನು ಹಿಂದಕ್ಕೆ ಊರಿದರೆ ಮಣಿಕಟ್ಟು ಮುರಿಯಬಹುದು.

ಮೊದಲ ಪಿಯುಸಿಯ ಭೌತವಿಜ್ಞಾನ ಪುಸ್ತಕ ಮನೆಯಲ್ಲಿದ್ದರೆ ಇಳಿಜಾರು ಮತ್ತು ಘರ್ಷಣೆಯ ಪುಟಗಳನ್ನು ದಯವಿಟ್ಟು ಮತ್ತೆ ತೆರೆಯಿರಿ. ಪರೀಕ್ಷೆಗೆಂದು ಉರುಹೊಡೆದ ಸೂತ್ರಕ್ಕೆ ಬಂಡೆಯ ಮೇಲೆ ಜೀವ ಬರುತ್ತದೆ. ನೆಲಕ್ಕೆ ಹತ್ತಿರವಿರುವ, ಬರಬರುತ್ತ ಕಡಿದಾಗುವ ಒಂದು ಸ್ಲ್ಯಾಬ್ ಆರಿಸಿಕೊಳ್ಳಿ. ಕೈ ಊರದೆ ನಿಧಾನವಾಗಿ ಏರಿ; ಶೂ ಜಾರಿದ ಜಾಗದ ಕೋನವನ್ನು ಮೊಬೈಲಿನಲ್ಲಿ ಅಳೆಯಿರಿ. ಆ ಕೋನದ ಟ್ಯಾಂಜೆಂಟ್ ಹೆಚ್ಚುಕಡಿಮೆ ನಿಮ್ಮ ಶೂವಿನ ಘರ್ಷಣಾಂಕ: 30 ಡಿಗ್ರಿಗೆ 0.58, 45 ಡಿಗ್ರಿಗೆ 1. ಅಟ್ಟೆ ಒರೆಸುವ ಮುಂಚೆ ಒಮ್ಮೆ, ಒರೆಸಿದ ಮೇಲೆ ಒಮ್ಮೆ ಅಳೆಯಿರಿ. ಜನವರಿಯ ಬೆಳಗಿನ ತಂಪಿನಲ್ಲೂ ನಡುಮಧ್ಯಾಹ್ನದಲ್ಲೂ ಅಳೆಯಿರಿ. ರಾಮನಗರದ ಬಂಡೆ ಗ್ರಾನೈಟ್. ಬಾದಾಮಿಯದು ಮರಳುಗಲ್ಲು, ಕಣವೇ ಬೇರೆ. ಎರಡೂ ಕಡೆ ಒಂದೇ ಶೂ ತೊಟ್ಟು ಅಳೆದು, ಅಂಕಿಗಳನ್ನು ಬರೆದಿಡಿ.