ಏಲಕ್ಕಿ ಡ್ರೈಯರಿನೊಳಗೆ ಗಾಳಿಯ ಓಡಾಟ

ಹಸಿ ಏಲಕ್ಕಿಯಲ್ಲಿ ಶೇ 80ರಷ್ಟು ನೀರೇ. ಅದನ್ನು ಶೇ 10ರ ಆಸುಪಾಸಿಗೆ ಇಳಿಸಬೇಕು, ಹಸಿರು ಬಣ್ಣ ಮಾತ್ರ ಹೋಗಕೂಡದು. ಬಿಸಿಲಿಗೆ ಹರವಿದರೆ ಕಾಯಿ ಬಿಳಿಚಿಕೊಂಡು ಸಿಪ್ಪೆ ಬಿರಿಯುತ್ತದೆ. ಅದೂ ಅಲ್ಲದೆ, ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಕೊಯ್ಲು ಶುರುವಾಗುವ ಹೊತ್ತಿಗೆ ಬಿಸಿಲೆಲ್ಲಿರುತ್ತದೆ? ಹಾಗಾಗಿ ತೋಟದಲ್ಲೊಂದು ಒಣಗಿಸುವ ಕೋಣೆ ಬೇಕೇ ಬೇಕು.

ಹಳೆಯ ಕೋಣೆಗಳಲ್ಲಿ ಒಲೆ ಹೊರಗಿರುತ್ತದೆ. ಹೊಗೆ ತಗಡಿನ ಕೊಳವೆಯೊಳಗೇ ಕೋಣೆಯುದ್ದಕ್ಕೂ ಹಾದು ಚಿಮಣಿ ಸೇರುತ್ತದೆ. ಕಾದ ಕೊಳವೆಯಿಂದ ಬಿಸಿಯಾದ ಗಾಳಿ ಜಾಲರಿ ಟ್ರೇಗಳ ನಡುವೆ ಮೇಲೇರುತ್ತದೆ. ಮೊದಲ ಮೂರು ನಾಲ್ಕು ಗಂಟೆ ಕಾಯಿಸಿದ ಮೇಲೆ ಕಿಂಡಿ ತೆರೆದು ಹಬೆ ಬಿಡಬೇಕು. ಆಮೇಲೆ 45ರಿಂದ 55 ಡಿಗ್ರಿ ಶಾಖದಲ್ಲಿ ಸುಮಾರು ಒಂದು ಹಗಲು, ಒಂದು ರಾತ್ರಿ. ಕೊಳವೆಯ ಹತ್ತಿರದ ಟ್ರೇ ಕಂದುಬಣ್ಣಕ್ಕೆ ತಿರುಗುವಾಗಲೂ ಮೂಲೆಯದು ಹಸಿಯಾಗೇ ಇರುತ್ತದೆ. ನಡುರಾತ್ರಿ ಎದ್ದು ಟ್ರೇಗಳನ್ನು ಅದಲುಬದಲು ಮಾಡುವುದೇ ಅಲ್ಲಿನ ದೊಡ್ಡ ಕೆಲಸ.

ಫ್ಯಾನ್ ಹಾಕಿಸಿದರೆ ಈ ತಾಪತ್ರಯ ತಪ್ಪಿತು ಎಂದುಕೊಳ್ಳುವವರೇ ಹೆಚ್ಚು. ಫ್ಯಾನ್ ಗಾಳಿಯನ್ನು ತಳ್ಳುತ್ತದೆ, ಹಂಚುವುದಿಲ್ಲ. ಗಾಳಿಯೋ ಮಹಾ ಸೋಮಾರಿ. ತುಂಬಿದ ಟ್ರೇಗಳ ನಡುವೆ ನುಸುಳುವ ಬದಲು ಗೋಡೆ ಪಕ್ಕದ ಸಂದಿ, ಮೇಲಿನ ಟ್ರೇ ಮತ್ತು ಚಾವಣಿ ನಡುವಿನ ಜಾಗ ಹಿಡಿದು ಪಾರಾಗುತ್ತದೆ. ಆ ಸಂದಿಗಳಿಗೆ ತಗಡು ಬಡಿಯುವುದೇ ಎಲ್ಲಕ್ಕಿಂತ ಅಗ್ಗದ ರಿಪೇರಿ. ನನ್ನನ್ನು ಕೇಳಿದರೆ ಹೊಸ ಫ್ಯಾನಿಗೆ ದುಡ್ಡು ಸುರಿಯುವ ಮೊದಲು ಮಾಡಬೇಕಾದದ್ದು ಇದನ್ನೇ.

ಆಮೇಲೆ ಗಾಳಿ ಬರುವ ದಾರಿಯ ತಿರುವುಗಳು. ಗಾಳಿ ನೇರ ನುಗ್ಗಿ ಎದುರು ಗೋಡೆಗೆ ಬಡಿಯುವುದರಿಂದ ಆ ಬದಿಯ ಟ್ರೇಗಳಿಗೆ ಹೆಚ್ಚು, ಈಚೆಯವಕ್ಕೆ ಕಡಿಮೆ. ತಿರುವಿನಲ್ಲಿ ಬಾಗಿದ ತಗಡಿನ ಪಟ್ಟಿಗಳನ್ನು ಕೂರಿಸಿದರೆ ಗಾಳಿ ಸೀಳಿಕೊಂಡು ಹೊರಳುತ್ತದೆ. ಟ್ರೇಗಳ ಮುಂದೆ ತೂತುಗಳಿರುವ ತಗಡು ನಿಲ್ಲಿಸುವುದು ಇನ್ನೊಂದು ಉಪಾಯ. ಗಾಳಿಗೆ ಅದು ತುಸು ತಡೆಯೊಡ್ಡುವುದರಿಂದ ಹಿಂದಿನ ಒತ್ತಡ ಎಲ್ಲ ಕಡೆ ಸಮನಾಗಿ, ಪ್ರತಿ ತೂತಿನಿಂದಲೂ ಹೆಚ್ಚುಕಡಿಮೆ ಅಷ್ಟೇ ಗಾಳಿ ಬರುತ್ತದೆ. ತೂತು ತೀರಾ ಕಿರಿದಾದರೆ ಫ್ಯಾನಿನ ಕರೆಂಟು ಬಿಲ್ಲು ಏರುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಮೊದಲ ಟ್ರೇಯ ನೀರು ಹೀರಿದ ಗಾಳಿ ತಣ್ಣಗಾಗಿ, ತೇವ ಹೊತ್ತು ಕೊನೆಯ ಟ್ರೇಗೆ ತಲುಪುತ್ತದೆ. ಅದಕ್ಕೇ ದೊಡ್ಡ ಡ್ರೈಯರ್‌ಗಳಲ್ಲಿ ಆಗಾಗ ಗಾಳಿಯ ದಿಕ್ಕನ್ನೇ ತಿರುಗಿಸುವ ಏರ್ಪಾಡು ಇರುವುದುಂಟು.

ದೋಷ ಎಲ್ಲಿದೆಯೆಂದು ನೋಡಲು ಕಾರ್ಖಾನೆಗಳಲ್ಲಿ ಗಾಳಿಯ ವೇಗ ಅಳೆಯುವ ಮೀಟರ್ ಇರುತ್ತದೆ. ತೋಟದವರಿಗೆ ಊದುಬತ್ತಿ ಸಾಕು. ಒಲೆ ಹಚ್ಚದೆ ಫ್ಯಾನ್ ಮಾತ್ರ ಓಡಿಸಿ, ಟ್ರೇಯಿಂದ ಟ್ರೇಗೆ ಊದುಬತ್ತಿ ಹಿಡಿದರೆ ಹೊಗೆ ಎಲ್ಲಿ ಅಡ್ಡ ಮಲಗುತ್ತದೆ, ಎಲ್ಲಿ ನೆಟ್ಟಗೆ ಏರುತ್ತದೆ ಎಂದು ಗೊತ್ತಾಗುತ್ತದೆ. ನೆಟ್ಟಗೆ ಏರಿದಲ್ಲಿ ಗಾಳಿಯೇ ಇಲ್ಲ. ಪರೀಕ್ಷೆ ಮಾತ್ರ ಕಾಯಿ ತುಂಬಿಯೇ ಆಗಬೇಕು. ಖಾಲಿ ಟ್ರೇಗಳಲ್ಲಿ ಗಾಳಿ ಎಲ್ಲೆಡೆ ಚೆನ್ನಾಗಿಯೇ ಆಡುತ್ತದೆ.