ನಗದೆ ನಗಿಸಿದ ಬಸ್ಟರ್ ಕೀಟನ್

ಪರರನ್ನು ನಗಿಸಹೊರಟವನು ತಾನು ನಗಬಾರದೆಂಬುದು ವಿದೂಷಕರ ಹಳೆಯ ಸೂತ್ರ. ಅದನ್ನು ಅಮೆರಿಕದ ಮೂಕಚಿತ್ರನಟ ಬಸ್ಟರ್ ಕೀಟನ್‌ನಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರು ವಿರಳ. ಮನೆಯೇ ಮೈಮೇಲೆ ಕುಸಿಯಲಿ, ಒಲಿದ ಹೆಣ್ಣು ಮುಖ ತಿರುಗಿಸಲಿ, ನೂರಾರು ಪೊಲೀಸರು ಬೆನ್ನಟ್ಟಿ ಬರಲಿ, ಆ ಮೊಗದ ಒಂದು ಗೆರೆಯೂ ಅಲುಗದು. ಪಾಶ್ಚಾತ್ಯರು ಆತನನ್ನು 'ಮಹಾ ಶಿಲಾಮುಖ'ನೆಂದು ಕರೆದರು. ಬಿರುದೇನೋ ಸೊಗಸಾಗಿದೆ, ಆದರೆ ಆ ದೊಡ್ಡ ಕಣ್ಣುಗಳನ್ನು ಗಮನವಿಟ್ಟು ನೋಡಿದವರಿಗೆ ಅಲ್ಲಿ ಶಿಲೆ ಕಾಣುವುದಿಲ್ಲ. ಲೋಕ ತನಗೆ ಒಡ್ಡಿದ ತೊಡಕನ್ನು ಹೇಗೆ ಬಿಡಿಸಲೆಂದು ಒಂದೇ ಸಮನೆ ಲೆಕ್ಕ ಹಾಕುತ್ತಿರುವ ಮನಸ್ಸೊಂದು ಕಾಣುತ್ತದೆ.

ಜೋಸೆಫ್ ಫ್ರಾಂಕ್ ಕೀಟನ್ ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಕಾನ್ಸಸ್ ರಾಜ್ಯದ ಪಿಕ್ವಾ ಎಂಬ ಹಳ್ಳಿಯಲ್ಲಿ. ಅದು ಅವರ ಊರೇನೂ ಅಲ್ಲ. ತಾಯಿತಂದೆಗಳ ಸಂಚಾರಿ ತಂಡ ಅಲ್ಲಿ ತಂಗಿದ್ದಾಗ ಮಗು ಹುಟ್ಟಿತು, ಅಷ್ಟೆ. ಗುಬ್ಬಿ ಕಂಪೆನಿಯಂಥ ನಮ್ಮ ನಾಟಕ ಮಂಡಳಿಗಳಲ್ಲಿ ಕಲಾವಿದರ ಮಕ್ಕಳು ರಂಗದ ಮೇಲೆಯೇ ಬೆಳೆದಂತೆ ಈ ಬಾಲಕನೂ ಬೆಳೆದ. ಹಾಡು, ಕುಣಿತ, ಕಸರತ್ತುಗಳೆಲ್ಲ ಬೆರೆತ 'ವಾಡೆವಿಲ್' ಎಂಬ ಮನೋರಂಜನೆಯಲ್ಲಿ 'ಮೂವರು ಕೀಟನ್‌ರು' ಹೆಸರಾದರು. ತುಂಟ ಮಗನನ್ನು ದಂಡಿಸುವ ನೆಪದಲ್ಲಿ ತಂದೆ ಆತನನ್ನೆತ್ತಿ ರಂಗಪರದೆಗಳ ಮೇಲೆ, ಕೆಲವೊಮ್ಮೆ ವಾದ್ಯಗಾರರ ನಡುವೆ, ಎಸೆಯುವುದೇ ಅವರ ಆಟದ ಜೀವಾಳ. ಎತ್ತಿ ಎಸೆಯಲು ಅನುಕೂಲವಾಗಲೆಂದು ಹುಡುಗನ ಅಂಗಿಗೆ ಪೆಟ್ಟಿಗೆಯ ಹಿಡಿಯೊಂದನ್ನು ಹೊಲಿದಿದ್ದರಂತೆ! ಮಕ್ಕಳ ರಕ್ಷಣಾ ಸಂಘದವರು ನ್ಯೂಯಾರ್ಕಿನಲ್ಲಿ ಈ ಆಟವನ್ನು ತಡೆಯಲು ಹಲವು ಸಲ ಯತ್ನಿಸಿದರು. ಇಂದಿನ ತಾಯಂದಿರಿಗೆ ಇದು ನಗೆಯ ವಿಷಯವಾಗಿ ತೋರಲಾರದು. ಆದರೆ ಪೆಟ್ಟಾಗದಂತೆ ಬೀಳುವ ವಿದ್ಯೆಯನ್ನು ಆತ ಕಲಿತದ್ದು ಅಲ್ಲಿಯೇ. ಬಿದ್ದೆದ್ದು ತಾನು ನಕ್ಕರೆ ಸಭೆ ನಗುವುದಿಲ್ಲ, ತಾನು ಗಂಭೀರನಾಗಿದ್ದರೆ ಸಭೆ ಬಿದ್ದು ಬಿದ್ದು ನಗುತ್ತದೆ ಎಂಬ ಗುಟ್ಟು ತಿಳಿದದ್ದೂ ಅಲ್ಲಿಯೇ.

ತಂದೆಯ ಕುಡಿತದಿಂದ ತಂಡ ಒಡೆಯಿತು. 1917ರಲ್ಲಿ ನ್ಯೂಯಾರ್ಕಿಗೆ ಬಂದ ಕೀಟನ್, ಆಗಿನ ಜನಪ್ರಿಯ ಹಾಸ್ಯನಟ ರಾಸ್ಕೋ ಆರ್ಬಕಲ್‌ನ 'ದ ಬುಚರ್ ಬಾಯ್' ಚಿತ್ರದಲ್ಲಿ ಮೊದಲ ಬಾರಿಗೆ ನಟಿಸಿದ. ಬೇರೊಬ್ಬನಾಗಿದ್ದರೆ ಸಂಬಳದ ಮಾತೆತ್ತುತ್ತಿದ್ದ. ಈತ ಕೇಳಿದ್ದು ಕ್ಯಾಮರಾವನ್ನು. ಅದನ್ನು ಕೋಣೆಗೆ ಒಯ್ದು ಬಿಚ್ಚಿ, ಒಳಗಿನ ರಚನೆಯನ್ನು ಅರಿತು, ಮತ್ತೆ ಜೋಡಿಸಿದುದಾಗಿ ಆತನೇ ಹೇಳಿಕೊಂಡಿದ್ದಾನೆ. 1920ರ ವೇಳೆಗೆ ಆತನಿಗೆ ಸ್ವಂತ ತಂಡವೂ ಸ್ಟುಡಿಯೋವೂ ದೊರೆತವು. ನಿರ್ಮಾಪಕ ಜೋಸೆಫ್ ಶೆಂಕ್ ಹಣ ಒದಗಿಸಿ ದೂರ ನಿಂತ. ಆ ತಂಡಕ್ಕೆ ಬರೆದಿಟ್ಟ ಚಿತ್ರಕಥೆಯೆಂಬುದೇ ಇರಲಿಲ್ಲ. ಕಥೆಗೊಂದು ಆದಿಯೂ ಅಂತ್ಯವೂ ಸಿಕ್ಕರೆ ನಡುವಿನದು ತಾನಾಗಿ ಹುಟ್ಟುವುದೆಂಬುದು ಅವರ ನಂಬಿಕೆ. ಮಾರ್ಗ ಸಿಗದಿದ್ದಾಗ ಕೆಲಸ ನಿಲ್ಲಿಸಿ ಬೇಸ್‌ಬಾಲ್ ಆಡುತ್ತಿದ್ದರು!

ಈ ಸ್ವಾತಂತ್ರ್ಯದ ಎಂಟೇ ವರ್ಷಗಳಲ್ಲಿ ಆತನ ಶ್ರೇಷ್ಠ ಕೃತಿಗಳೆಲ್ಲ ಹೊರಬಂದವು. 'ಶರ್ಲಾಕ್ ಜೂನಿಯರ್' (1924) ಚಿತ್ರದಲ್ಲಿ ಸಿನಿಮಾ ತೋರಿಸುವ ಹುಡುಗನೊಬ್ಬ ನಿದ್ರಿಸಿ, ಕನಸಿನಲ್ಲಿ ಬೆಳ್ಳಿತೆರೆಯೊಳಕ್ಕೇ ನಡೆದುಹೋಗುತ್ತಾನೆ. ಅದರ ಒಂದು ದೃಶ್ಯದಲ್ಲಿ ರೈಲ್ವೆ ನೀರುತೊಟ್ಟಿಯಿಂದ ಧುಮುಕಿದ ನೀರು ಕೀಟನ್‌ನನ್ನು ಹಳಿಗಳ ಮೇಲೆ ಅಪ್ಪಳಿಸಿತು. ಕೆಲವು ದಿನ ತಲೆನೋವೆಂದು ನರಳಿದ. ಕುತ್ತಿಗೆಯ ಮೂಳೆ ಮುರಿದಿತ್ತೆಂಬುದು ತಿಳಿದದ್ದು ವರ್ಷಗಳ ಅನಂತರ, ಎಕ್ಸ್-ರೇ ತೆಗೆದಾಗ.

1926ರಲ್ಲಿ ಚಿತ್ರೀಕರಿಸಿದ 'ದ ಜನರಲ್' ಈ ಚಿತ್ರಗಳ ಮುಕುಟಮಣಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ಉತ್ತರದ ಗೂಢಚಾರರು ದಕ್ಷಿಣದವರ ರೈಲೊಂದನ್ನು ಅಪಹರಿಸಿದ ನಿಜಸಂಗತಿ ಅದರ ಹಿನ್ನೆಲೆ. ನಾಯಕ ಜಾನಿಗೆ ಪ್ರಿಯವಾದವು ಎರಡೇ, ಎಂಜಿನ್ ಮತ್ತು ಪ್ರೇಯಸಿ. ಪ್ರೇಯಸಿ ತಿರಸ್ಕರಿಸಿದಾಗ ಆತ ಎಂಜಿನ್ನಿನ ಚಕ್ರಗಳನ್ನು ಜೋಡಿಸುವ ಸರಳಿನ ಮೇಲೆ ಮಂಕಾಗಿ ಕುಳಿತಿರುತ್ತಾನೆ. ಎಂಜಿನ್ ಚಲಿಸುತ್ತದೆ, ಸರಳಿನೊಡನೆ ಆತನೂ ಮೇಲೇರಿ ಕೆಳಗಿಳಿಯುತ್ತಾನೆ, ದುಃಖದಲ್ಲಿ ಅದರ ಅರಿವೇ ಇಲ್ಲ. ಚಾಲಕ ಹಬೆಯನ್ನು ಕೊಂಚ ಹೆಚ್ಚಾಗಿ ಬಿಟ್ಟು ಚಕ್ರ ಜಾರಿ ತಿರುಗಿದ್ದರೆ ನಟನ ಪ್ರಾಣಕ್ಕೇ ಅಪಾಯವಿತ್ತು. ತೆರೆಯ ಮೇಲೆ ಕೆಲವೇ ಕ್ಷಣಗಳ ಆ ದೃಶ್ಯದಲ್ಲಿ ವಿರಹವೂ ನಗೆಯೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ; ಅಂಥದು ಹಾಸ್ಯಚಿತ್ರಗಳಲ್ಲಿ ಅಪರೂಪ. ಮುಂದೆ ಶತ್ರುಗಳ ರೈಲು ಉರಿಯುವ ಸೇತುವೆಯೊಡನೆ ನದಿಗೆ ಕುಸಿಯುತ್ತದೆ. ಆಟಿಕೆಯ ರೈಲಿನಿಂದ ಕೆಲಸ ತೆಗೆಯಲು ಕೀಟನ್ ಒಪ್ಪಲಿಲ್ಲ. ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಬಳಿ ನಿಜವಾದ ಎಂಜಿನ್ನನ್ನೇ ನಿಜವಾದ ಸೇತುವೆಯ ಮೇಲಿಂದ ಉರುಳಿಸಿದರು. ಮರುಚಿತ್ರೀಕರಣಕ್ಕೆ ಅವಕಾಶವೇ ಇರಲಿಲ್ಲ. ಆ ಎಂಜಿನ್ನಿನ ಅವಶೇಷ ಎರಡನೆಯ ಮಹಾಯುದ್ಧದ ಕಾಲದವರೆಗೂ ಹೊಳೆಯಲ್ಲಿಯೇ ಬಿದ್ದಿತ್ತು.

ಇಷ್ಟಾಗಿಯೂ ಚಿತ್ರ ಸೋತಿತು. ವಿಮರ್ಶಕರು ಬೇಸರದಿಂದ ಬರೆದರು, ಹಾಕಿದ ಹಣಕ್ಕೆ ತಕ್ಕ ಆದಾಯ ಬರಲಿಲ್ಲ. 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಚಿತ್ರದಲ್ಲಿ ಬಿರುಗಾಳಿಗೆ ಮನೆಯ ಮುಂಗೋಡೆ ಇಡಿಯಾಗಿ ಕೀಟನ್‌ನ ಮೇಲೆ ಬೀಳುತ್ತದೆ. ಆತ ನಿಂತಿದ್ದ ಜಾಗಕ್ಕೆ ಸರಿಯಾಗಿ ಕಿಟಕಿಯ ತೆರವು ಬಂದು ಜೀವ ಉಳಿಯುತ್ತದೆ. ಗೋಡೆ ನಿಜವಾಗಿಯೂ ಭಾರವಾದದ್ದು, ಅಂತರ ಕೆಲವೇ ಅಂಗುಲ. ಲೆಕ್ಕ ತಪ್ಪಲಿಲ್ಲ.

ಲೆಕ್ಕ ತಪ್ಪಿದ್ದು ಅದೇ ವರ್ಷ, ಒಂದು ಕಾಗದದ ಮೇಲೆ. ಶೆಂಕ್‌ನ ಸಲಹೆಯಂತೆ ಕೀಟನ್ ತನ್ನ ಸ್ಟುಡಿಯೋ ಬಿಟ್ಟು ಎಂ.ಜಿ.ಎಂ. ಸಂಸ್ಥೆಯ ಸಂಬಳಗಾರನಾದ. ಬೇಡವೆಂದು ಚಾರ್ಲಿ ಚಾಪ್ಲಿನ್ ಎಚ್ಚರಿಸಿದ್ದ. 'ದ ಕ್ಯಾಮರಾಮನ್' ಎಂಬ ಮೊದಲ ಚಿತ್ರವೇನೋ ಚೆನ್ನಾಗಿಯೇ ಬಂತು. ಆಮೇಲೆ ಎಲ್ಲಕ್ಕೂ ಬರೆದ ಚಿತ್ರಕಥೆ, ಎಲ್ಲಕ್ಕೂ ಮೇಲಿನವರ ಅಪ್ಪಣೆ. ಬೆಲೆಬಾಳುವ ನಟ ಗಾಯಗೊಂಡರೆ ನಷ್ಟವೆಂದು ಸಾಹಸಗಳಿಗೂ ಅಂಕುಶ ಬಿತ್ತು. ಮಾತಿನ ಚಿತ್ರಗಳು ಬಂದಾಗ ತನಗೆ ಬಾರದ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮಾತುಗಳನ್ನು ಉರುಹೊಡೆದು ಅದೇ ಕಥೆಯನ್ನು ಮತ್ತೆ ಮತ್ತೆ ಅಭಿನಯಿಸಿದ. ಮಾತು ಬಂದು ಕೀಟನ್ ಕೆಟ್ಟನೆಂದು ಹೇಳುವ ವಾಡಿಕೆಯುಂಟು. ಅದು ಸರಿಯಲ್ಲ. ಆತನ ಗಡಸು ದನಿ ಪಾತ್ರಕ್ಕೆ ಒಪ್ಪುತ್ತಿತ್ತು. ಆ ನೀರಸ ಚಿತ್ರಗಳು ಹಿಂದಿನ ಉತ್ತಮ ಚಿತ್ರಗಳಿಗಿಂತ ಹೆಚ್ಚಾಗಿ ಹಣ ಗಳಿಸಿದವು ಕೂಡ. ಹಣ ಬರುತ್ತಿರುವಾಗ ದೂರನ್ನು ಕೇಳುವವರಾರು?

ತಂದೆಯನ್ನು ಕೆಡಿಸಿದ ಕುಡಿತ ಮಗನನ್ನೂ ಹಿಡಿಯಿತು. 1932ರಲ್ಲಿ ಪತ್ನಿ ನಟಾಲಿ ಟಾಲ್ಮೇಜ್ ವಿಚ್ಛೇದನ ಪಡೆದಳು. ಇಬ್ಬರು ಗಂಡುಮಕ್ಕಳ ಹೆಸರಿನಿಂದ ಕೀಟನ್ ಎಂಬುದೂ ಅಳಿಸಿಹೋಯಿತು. ಮರುವರ್ಷ ಸಂಸ್ಥೆ ಆತನನ್ನು ಹೊರಹಾಕಿತು. ಕೆಲವು ವರ್ಷಗಳ ಮೇಲೆ ಅದೇ ಬಾಗಿಲಲ್ಲಿ ಮರಳಿ ಬಂದ, ಇತರ ನಟರಿಗೆ ನಗೆಯ ಯುಕ್ತಿಗಳನ್ನು ಹೆಣೆದುಕೊಡುವ ಕೆಲಸಕ್ಕೆ. ಹಿಂದೆ ವಾರಕ್ಕೆ 3,000 ಡಾಲರ್ ಎಣಿಸಿದವನಿಗೆ ಈಗ 100 ಡಾಲರ್. ಮಾರ್ಕ್ಸ್ ಸೋದರರೂ ರೆಡ್ ಸ್ಕೆಲ್ಟನ್ನನೂ ನಗಿಸಿದ ಕೆಲವು ಸನ್ನಿವೇಶಗಳ ಹಿಂದೆ ಈತನ ಬುದ್ಧಿಯಿತ್ತೆಂದು ಪ್ರೇಕ್ಷಕರಿಗೆ ತಿಳಿಯಲಿಲ್ಲ.

1940ರಲ್ಲಿ ನರ್ತಕಿ ಎಲಿನಾರ್ ನಾರಿಸ್‌ಳನ್ನು ಕೈಹಿಡಿದ ಮೇಲೆ ಬಾಳು ಒಂದು ನೆಲೆಗೆ ಬಂತು. ಪ್ಯಾರಿಸಿನ ಸರ್ಕಸ್ಸಿನಲ್ಲಿ, ಅನಂತರ ಟೆಲಿವಿಷನ್ನಿನಲ್ಲಿ, ಹಳೆಯ ಬೀಳುವಿಕೆಗಳನ್ನು ಹೊಸ ತಲೆಮಾರಿಗೆ ತೋರಿಸಿದ. 1952ರ 'ಲೈಮ್‌ಲೈಟ್'ನಲ್ಲಿ ಚಾಪ್ಲಿನ್ನನೂ ಕೀಟನ್ನನೂ ಒಂದೇ ರಂಗದ ಮೇಲೆ ಕಾಣಬಹುದು. ಅಷ್ಟರಲ್ಲಿ ಹಳೆಯ ಚಿತ್ರಗಳು ಸುರುಳಿಗಳಲ್ಲೇ ಪುಡಿಯಾಗುತ್ತಿದ್ದವು. ಕೀಟನ್‌ನ ಹಿಂದಿನ ಬಂಗಲೆಯನ್ನು ಕೊಂಡಿದ್ದ ನಟ ಜೇಮ್ಸ್ ಮೇಸನ್‌ಗೆ ಅಲ್ಲಿ ಬಚ್ಚಿಟ್ಟಿದ್ದ ಕೆಲವು ಪ್ರತಿಗಳು ದೊರೆತವು. ರೇಮಂಡ್ ರೋಹಾವರ್ ಎಂಬ ಪ್ರದರ್ಶಕ ಉಳಿದವನ್ನು ಹುಡುಕಿ ಹೊಸ ಫಿಲ್ಮಿಗೆ ಇಳಿಸಿದ. 1960ರಲ್ಲಿ ವಿಶೇಷ ಆಸ್ಕರ್ ಗೌರವ ಬಂತು. ಒಮ್ಮೆ ಸೋತ 'ದ ಜನರಲ್' 1972ರಲ್ಲಿ ವಿಶ್ವದ ವಿಮರ್ಶಕರು ಆರಿಸಿದ ಹತ್ತು ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ನಿಂತಿತು; ಅದನ್ನು ನೋಡಲು ಕೀಟನ್ ಇರಲಿಲ್ಲ.

1965ರ ವೆನಿಸ್ ಚಿತ್ರೋತ್ಸವದಲ್ಲಿ ಸಭೆ ಎದ್ದು ನಿಂತು ಆತನಿಗೆ ದೀರ್ಘ ಕರತಾಡನ ಮಾಡಿತು. ಶ್ವಾಸಕೋಶದ ಕ್ಯಾನ್ಸರ್ ಅದಾಗಲೇ ಮೈಯಲ್ಲಿತ್ತು. ಕೊನೆಯವರೆಗೂ ಆತನಿಗೆ ಆ ಹೆಸರನ್ನು ಹೇಳಲಿಲ್ಲ. 1966ರ ಫೆಬ್ರವರಿ 1ರಂದು ಕೀಟನ್ ತೀರಿಕೊಂಡ. ಆ ವರ್ಷವೇ ತೆರೆಕಂಡ ಹಾಸ್ಯಚಿತ್ರವೊಂದರಲ್ಲಿ ಆತ, ರೋಮ್ ನಗರದ ಏಳು ಗುಡ್ಡಗಳನ್ನು ಏಳು ಸಲ ಸುತ್ತಲು ಹೊರಟ ಮುದುಕನಾಗಿ, ನಗದೆಯೇ ಹೆಜ್ಜೆ ಹಾಕುತ್ತಿದ್ದಾನೆ.