ಪರರ ಪದ, ತನ್ನ ಕಂಠ

ನಮ್ಮ ಸಂಗೀತಶಾಸ್ತ್ರದಲ್ಲಿ ವಾಗ್ಗೇಯಕಾರ ಎಂಬ ಮಾತೊಂದು ಉಂಟು. ವಾಕ್ಕು ಎಂದರೆ ಸಾಹಿತ್ಯ. ಗೇಯವೆಂದರೆ ಅದನ್ನು ಹಾಡಾಗಿಸುವ ಸ್ವರರಚನೆ. ಎರಡರಲ್ಲಿಯೂ ಪರಿಣತನಾದವನು ವಾಗ್ಗೇಯಕಾರ. ಪುರಂದರದಾಸರನ್ನೂ ತ್ಯಾಗರಾಜರನ್ನೂ ನಾವು ಆ ಹೆಸರಿನಿಂದ ಗೌರವಿಸುತ್ತೇವೆ. ಪಶ್ಚಿಮದ ರಾಕ್ ಸಂಗೀತದಲ್ಲಿಯೂ 1960ರ ದಶಕದಲ್ಲಿ ಇಂಥದೇ ಒಂದು ಆದರ್ಶ ಬೇರೂರಿತು. ತಾನೇ ಬರೆದು, ತಾನೇ ಸ್ವರ ಕೂಡಿಸಿ, ತಾನೇ ಹಾಡಬೇಕು. ಹಾಗೆ ಮಾಡಿದವನ ಹಾಡಿನಲ್ಲಿ ಮಾತ್ರ ಸತ್ಯವಿರುತ್ತದೆ ಎಂಬ ನಂಬಿಕೆ ಅದು. ಇನ್ನೊಬ್ಬರು ಬರೆದುದನ್ನು ಹಾಡುವವನು, ಎಷ್ಟೇ ಚೆನ್ನಾಗಿ ಹಾಡಲಿ, ಒಂದು ಮೆಟ್ಟಿಲು ಕೆಳಗೆ.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವ ಒಬ್ಬ ಕಲಾವಿದನ ಕಥೆಯನ್ನು ಹೇಳಬೇಕೆಂದಿದ್ದೇನೆ. ಅವನ ಹೆಸರು ಹ್ಯಾರಿ ನಿಲ್ಸನ್. ಅಮೆರಿಕದವನು. ‘ಮಿಡ್‌ನೈಟ್ ಕೌಬಾಯ್’ ಎಂಬ ಚಲನಚಿತ್ರದಲ್ಲಿ ಕೇಳಿಬರುವ ‘ಎವ್ರಿಬಡೀಸ್ ಟಾಕಿನ್’ ಎಂಬ ಹಾಡು ಅವನನ್ನು ಜಗತ್ತಿಗೆ ಪರಿಚಯಿಸಿತು. ಸುತ್ತಲಿನ ಜನ ಏನೇನೋ ಆಡುತ್ತಿದ್ದಾರೆ, ತನಗೆ ಅದಾವುದೂ ಮುಟ್ಟುತ್ತಿಲ್ಲ ಎನ್ನುವ ಒಬ್ಬ ಒಂಟಿ ಮನುಷ್ಯನ ಹಾಡು ಅದು. ಮೊದಲು ಕೇಳಿದಾಗ, ಇದನ್ನು ಹಾಡಿದವನೇ ಬರೆದಿರಬೇಕು, ಬೇರೆ ಯಾರಿಂದಲೂ ಇದು ಸಾಧ್ಯವಿಲ್ಲ ಎಂದೇ ನಾನು ತಿಳಿದಿದ್ದೆ. ಬಹುಕಾಲ ಹಾಗೆಯೇ ತಿಳಿದಿದ್ದೆ. ಅದು ನಿಲ್ಸನ್ ಬರೆದ ಹಾಡಲ್ಲವೆಂದು ಗೊತ್ತಾದ ದಿನ ನನಗೆ ಸ್ವಲ್ಪ ಮೋಸಹೋದಂತೆಯೇ ಆಯಿತು. ಆ ಭಾವನೆ ಸರಿಯೇ ಎಂದು ಕೇಳಿಕೊಂಡುದರಿಂದ ಈ ಮಾತುಗಳು ಹುಟ್ಟಿವೆ.

ನಿಲ್ಸನ್ ಹುಟ್ಟಿದುದು 1941ರ ಜೂನ್ 15ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅವನಿಗೆ ಮೂರು ವರ್ಷವಾಗಿದ್ದಾಗ ತಂದೆ ಮನೆ ಬಿಟ್ಟು ಹೋದ. ತಂದೆ ಯುದ್ಧದಲ್ಲಿ ವೀರಮರಣ ಹೊಂದಿದನೆಂದು ಮನೆಯವರು ಹುಡುಗನಿಗೆ ಹೇಳಿದ್ದರು. ಆತ ಬದುಕಿಯೇ ಇದ್ದಾನೆ, ಬೇರೊಂದು ಸಂಸಾರ ಕಟ್ಟಿಕೊಂಡಿದ್ದಾನೆ ಎಂಬುದು ತಿಳಿದುದು ಬೆಳೆದ ಮೇಲೆ. ಈ ಗಾಯ ಮಾಯಲಿಲ್ಲ. ತನ್ನ ಹುಟ್ಟಿದ ವರ್ಷವನ್ನೇ ಹೆಸರಾಗಿಟ್ಟು ಅವನು ಬರೆದ ಹಾಡಿನಲ್ಲಿ ಮಗನನ್ನು ಬಿಟ್ಟುಹೋಗುವ ತಂದೆಯ ಕಥೆಯಿದೆ; ಆ ಮಗನೂ ದೊಡ್ಡವನಾಗಿ ತನ್ನ ಮಗನನ್ನು ಬಿಟ್ಟುಹೋಗುತ್ತಾನೆ. ಹಾಡು ಬರೆದಾಗ ಅದು ಕಲ್ಪನೆ. ಕೆಲವೇ ವರ್ಷಗಳಲ್ಲಿ ತನ್ನ ಮೊದಲ ಮಗನ ವಿಷಯದಲ್ಲಿ ಅವನು ಹಾಗೆಯೇ ನಡೆದುಕೊಂಡ. ಬರೆದುದು ಬದುಕಾಗಿ ಹಿಂದಿರುಗಿತು.

ಬಡತನದ ಬಾಲ್ಯ. ಓದು ಒಂಬತ್ತನೆಯ ತರಗತಿಗೆ ನಿಂತಿತು. ಲಾಸ್ ಏಂಜಲಿಸ್‌ಗೆ ಬಂದು ಒಂದು ಚಿತ್ರಮಂದಿರದಲ್ಲಿ ದುಡಿದ. ಅದು ಮುಚ್ಚಿದ ಬಳಿಕ, ಓದನ್ನು ಪೂರೈಸಿರುವುದಾಗಿ ಸುಳ್ಳು ಹೇಳಿ ಬ್ಯಾಂಕೊಂದರ ಗಣಕಯಂತ್ರ ವಿಭಾಗದಲ್ಲಿ ಕೆಲಸ ಹಿಡಿದ. ಸುಳ್ಳು ಬಯಲಾಯಿತು, ಆದರೆ ಕೆಲಸದಲ್ಲಿ ಅವನು ಎಷ್ಟು ಚುರುಕಾಗಿದ್ದನೆಂದರೆ ಅವರು ಅವನನ್ನು ಬಿಡಲಿಲ್ಲ. ರಾತ್ರಿ ಪಾಳಿಯಲ್ಲಿ ಬ್ಯಾಂಕಿನ ಲೆಕ್ಕ, ಹಗಲಿನಲ್ಲಿ ಹಾಡುಗಳ ರಚನೆ, ಅವುಗಳನ್ನು ಹೊತ್ತು ಪ್ರಕಾಶಕರ ಬಾಗಿಲುಗಳಿಗೆ ಅಲೆದಾಟ. ಹೀಗೆ ವರ್ಷಗಳು ನಡೆದವು. 1967ರಲ್ಲಿ ಮಂಕೀಸ್ ಎಂಬ ಜನಪ್ರಿಯ ತಂಡ ಅವನ ಹಾಡೊಂದನ್ನು ಮುದ್ರಿಸಿಕೊಂಡ ಮೇಲೆಯೇ ಅವನಿಗೆ ಬ್ಯಾಂಕನ್ನು ಬಿಡುವ ಧೈರ್ಯ ಬಂದುದು.

ಅದೇ ವರ್ಷದ ಕೊನೆಗೆ ಆರ್‌ಸಿಎ ಸಂಸ್ಥೆಯಿಂದ ಅವನ ಧ್ವನಿಮುದ್ರಿಕೆ ‘ಪ್ಯಾಂಡಮೋನಿಯಮ್ ಶ್ಯಾಡೊ ಶೋ’ ಹೊರಬಂತು. ಇದರಲ್ಲಿ ಅವನ ಕಲೆಯ ಗುಟ್ಟು ಪ್ರಕಟವಾಗುತ್ತದೆ. ಆ ಕಾಲಕ್ಕೆ ಧ್ವನಿಮುದ್ರಣ ಶಾಲೆಗಳಲ್ಲಿ ಒಂದೇ ಟೇಪಿನ ಮೇಲೆ ಹಲವು ಪಟ್ಟಿಗಳಾಗಿ ಧ್ವನಿಯನ್ನು ಮುದ್ರಿಸುವ ವ್ಯವಸ್ಥೆ ಬಂದಿತ್ತು. ಗಾಯಕ ಒಮ್ಮೆ ಹಾಡುತ್ತಾನೆ, ಅದನ್ನು ಕಿವಿಗೆ ಹಾಕಿಕೊಂಡು ಕೇಳುತ್ತ ಇನ್ನೊಂದು ಸ್ಥಾಯಿಯಲ್ಲಿ ಮತ್ತೆ ಹಾಡುತ್ತಾನೆ, ಆಮೇಲೆ ಮತ್ತೊಮ್ಮೆ. ಎಲ್ಲವನ್ನೂ ಕೂಡಿಸಿದಾಗ ಒಬ್ಬನೇ ಒಂದು ಮೇಳವಾಗುತ್ತಾನೆ. ಹಲವರು ಈ ಸೌಲಭ್ಯವನ್ನು ಅಲಂಕಾರಕ್ಕೆ ಬಳಸಿದರು. ನಿಲ್ಸನ್ ಅದನ್ನೇ ತನ್ನ ವಾದ್ಯವಾಗಿಸಿಕೊಂಡ. ಮೂರೂವರೆ ಸಪ್ತಕಗಳಷ್ಟು ಹರಹಿತ್ತೆಂದು ಹೇಳಲಾಗುವ ಕಂಠ. ಆಯಾಸವಿಲ್ಲದೆ ಏರುವ, ಏರಿದುದು ಕೇಳುವವನಿಗೆ ಗೊತ್ತೇ ಆಗದ ಕಂಠ. ತಂಡವಿಲ್ಲ, ಜೊತೆಗಾರರಿಲ್ಲ, ತನಗೆ ತಾನೇ ಜೊತೆ. ಅವನು ಸಭಿಕರ ಮುಂದೆ ಕಛೇರಿ ಮಾಡಲು ಎಂದೂ ಒಪ್ಪಲಿಲ್ಲ. ಊರೂರು ತಿರುಗಿ ಹಾಡಲೂ ಇಲ್ಲ. ಮುದ್ರಣದ ಕೋಣೆಯೇ ಅವನ ರಂಗಸ್ಥಳ.

ಈ ಮುದ್ರಿಕೆಯ ಒಂದು ಹಾಡಿನಲ್ಲಿ ಬೀಟಲ್ಸ್ ತಂಡದ ಅನೇಕ ಗೀತೆಗಳ ತುಣುಕುಗಳನ್ನು ಅವನು ಒಂದರೊಳಗೊಂದು ಹೆಣೆದಿದ್ದ. ಅದು ಬೀಟಲ್ಸರ ಕಿವಿಗೆ ಬಿತ್ತು. 1968ರ ಮೇ ತಿಂಗಳಿನಲ್ಲಿ ನ್ಯೂಯಾರ್ಕಿನಲ್ಲಿ ಪತ್ರಕರ್ತರು ಜಾನ್ ಲೆನನ್ನನನ್ನು, ನಿಮಗೆ ಮೆಚ್ಚಿನ ಅಮೆರಿಕನ್ ಕಲಾವಿದ ಯಾರು ಎಂದು ಕೇಳಿದಾಗ ಅವನು ಕೊಟ್ಟ ಉತ್ತರ ನಿಲ್ಸನ್ ಎಂಬ ಒಂದೇ ಹೆಸರು. ಮೆಚ್ಚಿನ ತಂಡ ಯಾವುದೆಂದು ಕೇಳಿದರೆ ಪಾಲ್ ಮೆಕಾರ್ಟ್ನಿಯ ಉತ್ತರವೂ ಅದೇ. ಒಬ್ಬನೇ ಮನುಷ್ಯನನ್ನು ತಂಡವೆಂದು ಕರೆದುದು ವಿನೋದಕ್ಕಿರಬಹುದು. ಆದರೆ ಅದಕ್ಕಿಂತ ಸರಿಯಾದ ವಿಮರ್ಶೆ ಇನ್ನೊಂದಿಲ್ಲ.

ಇನ್ನು ಆ ಪ್ರಸಿದ್ಧ ಹಾಡಿನ ವಿಷಯ. ಅದನ್ನು ಬರೆದವನು ಫ್ರೆಡ್ ನೀಲ್ ಎಂಬ ಜಾನಪದ ಶೈಲಿಯ ಗಾಯಕ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ಕಾಫಿಗೃಹಗಳಲ್ಲಿ ಹಾಡುತ್ತಿದ್ದವನು. ಮಹಾನಗರವನ್ನೂ ಹಾಡಿನ ವ್ಯಾಪಾರವನ್ನೂ ಸಹಿಸಲಾರದವನು. 1966ರ ಮುದ್ರಿಕೆಗೆ ಇನ್ನೊಂದು ಹಾಡು ಬರೆದುಕೊಟ್ಟರೆ ಫ್ಲಾರಿಡಾದ ಮನೆಗೆ ಹೋಗಲು ಬಿಡುತ್ತೇವೆಂದು ಹೇಳಿದಾಗ ಅವಸರದಲ್ಲಿ ಬರೆದುಕೊಟ್ಟ ಹಾಡು ಇದು ಎಂದು ಹೇಳುವುದುಂಟು. ಕಥೆ ಹೇಗೇ ಇರಲಿ, ಹಾಡಿನಲ್ಲಿರುವ ಹಂಬಲ ಮಾತ್ರ ನಿಜವಾದುದು. ನೀಲ್ ಮುಂದೆ ಸಂಗೀತದ ಲೋಕದಿಂದ ದೂರ ಸರಿದ. ಡಾಲ್ಫಿನ್‌ಗಳ ರಕ್ಷಣೆಗಾಗಿ 1970ರಲ್ಲಿ ಸಂಸ್ಥೆಯೊಂದನ್ನು ಕಟ್ಟಲು ನೆರವಾದ. 2001ರಲ್ಲಿ ಫ್ಲಾರಿಡಾದಲ್ಲಿಯೇ ತೀರಿಕೊಂಡ.

ನಿಲ್ಸನ್ ಈ ಹಾಡನ್ನು ಮುದ್ರಿಸಿದುದು 1967ರ ಕೊನೆಯಲ್ಲಿ. 1968ರಲ್ಲಿ ಅದು ಹೊರಬಂದಾಗ ಯಾರೂ ಗಮನಿಸಲಿಲ್ಲ. ಆ ಹೊತ್ತಿಗೆ ಜಾನ್ ಶ್ಲೆಸಿಂಜರ್ ಎಂಬ ಇಂಗ್ಲಿಷ್ ನಿರ್ದೇಶಕ ‘ಮಿಡ್‌ನೈಟ್ ಕೌಬಾಯ್’ ಚಿತ್ರವನ್ನು ತಯಾರಿಸುತ್ತಿದ್ದ. ಸಂಕಲನದ ವೇಳೆ ಈ ಹಾಡನ್ನು ತಾತ್ಕಾಲಿಕವಾಗಿ ಚಿತ್ರಕ್ಕೆ ಜೋಡಿಸಿಕೊಂಡ. ಮುಂದೆ ಹೊಸ ಹಾಡು ಬರೆಸಿ ಇದನ್ನು ತೆಗೆದುಹಾಕುವುದೆಂದು ಯೋಚನೆ. ಹಲವರ ಹಾಡುಗಳು ಪರಿಶೀಲನೆಗೆ ಬಂದವು. ಬಾಬ್ ಡಿಲನ್ ಈ ಚಿತ್ರಕ್ಕೆಂದು ರಚಿಸಿದ ಹಾಡು ಸಕಾಲಕ್ಕೆ ಒದಗಲಿಲ್ಲ. ನಿಲ್ಸನ್ ತಾನೇ ಹೊಸದೊಂದನ್ನು ಬರೆದುಕೊಟ್ಟ. ಅದೂ ಸೊಗಸಾದ ಹಾಡೇ. ಆದರೆ ನಿರ್ದೇಶಕನಿಗೆ ಆ ತಾತ್ಕಾಲಿಕ ಹಾಡಿನ ಹೊರತು ಬೇರೆ ಯಾವುದೂ ಹೊಂದಲಿಲ್ಲ. ಹೀಗೆ, ಬರಹಗಾರ ನಿಲ್ಸನ್ನನನ್ನು ಸೋಲಿಸಿದವನು ಗಾಯಕ ನಿಲ್ಸನ್.

ಚಿತ್ರವನ್ನು ನೋಡಿದವರಿಗೆ ಇದರ ಕಾರಣ ಹೊಳೆಯುತ್ತದೆ. ಟೆಕ್ಸಾಸಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ ಯುವಕನೊಬ್ಬ ದೊಡ್ಡ ಕನಸುಗಳನ್ನು ಹೊತ್ತು ಬಸ್ಸಿನಲ್ಲಿ ನ್ಯೂಯಾರ್ಕಿಗೆ ಹೊರಡುತ್ತಾನೆ. ಅಲ್ಲಿ ಅವನಿಗೆ ದೊರೆಯುವುದು ಅವಮಾನ, ಹಸಿವು ಮತ್ತು ರಿಜೊ ಎಂಬ ರೋಗಿಷ್ಠ ಗೆಳೆಯ. ಫ್ಲಾರಿಡಾದ ಬಿಸಿಲಿಗೆ ಹೋದರೆ ಎಲ್ಲವೂ ಸರಿಹೋಗುತ್ತದೆಂಬುದು ರಿಜೊವಿನ ಕನಸು. ಕೊನೆಗೆ ಇಬ್ಬರೂ ಬಸ್ಸು ಹತ್ತುತ್ತಾರೆ. ಮಯಾಮಿ ತಲಪುವ ಮುನ್ನ ರಿಜೊ ಗೆಳೆಯನ ಪಕ್ಕದಲ್ಲಿಯೇ ಕುಳಿತಂತೆ ಸತ್ತಿರುತ್ತಾನೆ. ಫ್ಲಾರಿಡಾವನ್ನು ಹಂಬಲಿಸಿದ ಒಬ್ಬ ಕವಿಯ ಹಾಡು, ಫ್ಲಾರಿಡಾವನ್ನು ಹಂಬಲಿಸಿ ಸತ್ತ ಮನುಷ್ಯನ ಕಥೆಗೆ ಮುನ್ನುಡಿಯಾಯಿತು. ಫ್ರೆಡ್ ನೀಲ್ ತಗ್ಗಿದ, ಭಾರವಾದ ದನಿಯಲ್ಲಿ ಇದನ್ನು ಹಾಡಿದ್ದಾನೆ. ಅದು ದಣಿದವನ ಹಾಡು. ನಿಲ್ಸನ್ನನ ದನಿಯಲ್ಲಿ ಅದೇ ಹಾಡು ಹಗುರವಾಗಿ, ನಗುತ್ತ ಹೊರಟವನ ಹಾಡಾಗುತ್ತದೆ. ದುಃಖದ ಮಾತು, ಉಲ್ಲಾಸದ ಕಂಠ. ಹೊರಟವನಿಗೆ ತನ್ನ ದುಃಖ ಇನ್ನೂ ತಿಳಿದಿಲ್ಲ; ಕೇಳುವ ನಮಗೆ ತಿಳಿದಿದೆ. ಈ ಅರ್ಥ ಬರೆದ ಸಾಲುಗಳಲ್ಲಿ ಇರಲಿಲ್ಲ. ಹಾಡಿದವನು ತಂದುದು.

ಚಿತ್ರ 1969ರಲ್ಲಿ ಬಿಡುಗಡೆಯಾಗಿ, ಆ ವರ್ಷದ ಶ್ರೇಷ್ಠ ಚಿತ್ರವೆಂದು ಆಸ್ಕರ್ ಪಡೆಯಿತು. ಹಾಡು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 6ನೆಯ ಸ್ಥಾನಕ್ಕೇರಿತು. ನಿಲ್ಸನ್ನನಿಗೆ 1970ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಚಿತ್ರಕ್ಕಾಗಿಯೇ ರಚಿತವಾದ ಹಾಡಲ್ಲವಾದ್ದರಿಂದ ಗೀತೆಗೆ ಕೊಡುವ ಆಸ್ಕರಿಗೆ ಅದು ಅರ್ಹವಾಗಿರಲಿಲ್ಲ. ಅದೇ 1969ರಲ್ಲಿ, ನಿಲ್ಸನ್ ಬರೆದ ‘ವನ್’ ಎಂಬ ಹಾಡನ್ನು ತ್ರೀ ಡಾಗ್ ನೈಟ್ ತಂಡ ಹಾಡಿ 5ನೆಯ ಸ್ಥಾನಕ್ಕೆ ಮುಟ್ಟಿಸಿತು. ವಿಧಿಯ ವಿನೋದವೆಂದರೆ ಇದೇ: ಪರರ ಹಾಡಿನಿಂದ ಇವನಿಗೆ ಕೀರ್ತಿ; ಇವನ ಹಾಡಿನಿಂದ ಪರರಿಗೆ.

ಇದು ಒಮ್ಮೆಗೇ ಮುಗಿಯಲಿಲ್ಲ. 1971ರ ‘ನಿಲ್ಸನ್ ಶ್ಮಿಲ್ಸನ್’ ಮುದ್ರಿಕೆಯ ‘ವಿತೌಟ್ ಯು’ ಎಂಬ ಹಾಡು 1972ರಲ್ಲಿ ಅಮೆರಿಕ, ಇಂಗ್ಲೆಂಡುಗಳೆರಡರಲ್ಲಿಯೂ ಮೊದಲನೆಯ ಸ್ಥಾನಕ್ಕೇರಿತು. ಮತ್ತೆ ಗ್ರ್ಯಾಮಿ ತಂದಿತು. ಅದೂ ಅವನದಲ್ಲ. ಬ್ಯಾಡ್‌ಫಿಂಗರ್ ತಂಡದ ಪೀಟ್ ಹ್ಯಾಮ್ ಮತ್ತು ಟಾಮ್ ಎವಾನ್ಸ್ ತಮ್ಮ ಎರಡು ಅರೆಬರೆ ಹಾಡುಗಳನ್ನು ಸೇರಿಸಿ ಕಟ್ಟಿದುದು. ಜಗತ್ತು ಅದನ್ನು ಹಾಡಿಕೊಂಡಿತು. ಬರೆದ ಇಬ್ಬರೂ ಹಣಕಾಸಿನ ತೊಡಕುಗಳಲ್ಲಿ ನೊಂದು, 1975ರಲ್ಲಿ ಒಬ್ಬ, 1983ರಲ್ಲಿ ಇನ್ನೊಬ್ಬ, ಆತ್ಮಹತ್ಯೆ ಮಾಡಿಕೊಂಡರು. ಹಾಡಿದವನು ಹಾಡನ್ನು ತನ್ನದಾಗಿಸಿಕೊಳ್ಳುತ್ತಾನೆಂದು ನಾವು ಮೆಚ್ಚುವಾಗ ಬರೆದವರ ಈ ಗತಿಯನ್ನೂ ನೆನೆಯಬೇಕು. ಕಂಠದ ಮಹಿಮೆಯನ್ನು ಹೇಳುವ ಭರದಲ್ಲಿ ಪದದ ಋಣವನ್ನು ಮರೆಯಲಾಗದು.

ಹಾಗಾದರೆ ನಿಲ್ಸನ್ ಸ್ವತಃ ಒಳ್ಳೆಯ ರಚನಕಾರನಲ್ಲವೆ? ಖಂಡಿತವಾಗಿಯೂ ಹೌದು. 1971ರಲ್ಲಿ ಟೆಲಿವಿಷನ್ನಿಗಾಗಿ ಅವನು ಕಲ್ಪಿಸಿದ ‘ದಿ ಪಾಯಿಂಟ್’ ಎಂಬ ವ್ಯಂಗ್ಯಚಿತ್ರ ಕಥೆಯಲ್ಲಿ ಎಲ್ಲರ ತಲೆಯೂ ಮೊನಚಾಗಿರುವ ಒಂದು ರಾಜ್ಯವಿದೆ. ಅಲ್ಲಿ ದುಂಡುತಲೆಯ ಹುಡುಗನೊಬ್ಬ ಹುಟ್ಟುತ್ತಾನೆ. ಮೊನೆಯಿಲ್ಲದ ಅಪರಾಧಕ್ಕಾಗಿ ಅವನನ್ನು ಗಡೀಪಾರು ಮಾಡುತ್ತಾರೆ. ಮಕ್ಕಳ ಕಥೆಯ ಮರೆಯಲ್ಲಿ ಸಮಾಜದ ಮಂದಮತಿಯನ್ನು ಅವನು ನಗುನಗುತ್ತ ಚುಚ್ಚಿದ. ಆದರೂ ತನ್ನ ಸ್ವಂತ ಹಾಡುಗಳಲ್ಲಿ ಅವನು ವಿನೋದದ ಹಿಂದೆ ಅಡಗಿಕೊಳ್ಳುತ್ತಾನೆ. ಪರರ ಹಾಡಿನಲ್ಲಿಯೇ ತನ್ನ ಎದೆಯನ್ನು ತೆರೆಯುತ್ತಾನೆ. ಬಿಟ್ಟುಹೋದವರನ್ನು ಕುರಿತ ನೋವನ್ನು ತನ್ನ ಮಾತಿನಲ್ಲಿ ಹೇಳುವಾಗ ತಮಾಷೆ ಬೇಕಾಗುತ್ತಿತ್ತು. ಇನ್ನೊಬ್ಬರ ಮಾತು ಸಿಕ್ಕಿದಾಗ ಆ ಭಯವಿರಲಿಲ್ಲ. ಮುಖವಾಡ ತೊಟ್ಟವನೇ ಕೆಲವೊಮ್ಮೆ ನಿಜವನ್ನು ನುಡಿಯಬಲ್ಲ.

ಮುಂದಿನದು ದುಃಖದ ಅಧ್ಯಾಯ. ಕೀರ್ತಿಯೊಡನೆ ಕುಡಿತವೂ ಬೆಳೆಯಿತು. 1974ರಲ್ಲಿ ಜಾನ್ ಲೆನನ್ ‘ಪುಸಿ ಕ್ಯಾಟ್ಸ್’ ಎಂಬ ಮುದ್ರಿಕೆಯನ್ನು ಅವನಿಗಾಗಿ ನಿರ್ದೇಶಿಸಿದ. ಗೆಳೆಯರಿಬ್ಬರ ರಾತ್ರಿಗಳು ಪಾನಗೋಷ್ಠಿಗಳಲ್ಲಿ ಕಳೆಯುತ್ತಿದ್ದವು. ಆ ದಿನಗಳಲ್ಲಿಯೇ ನಿಲ್ಸನ್ನನ ಧ್ವನಿತಂತು ಹರಿದು ರಕ್ತ ಬಂತು. ತಿಳಿದರೆ ಲೆನನ್ ಕೆಲಸವನ್ನು ನಿಲ್ಲಿಸಿಬಿಟ್ಟಾನೆಂದು ಹೆದರಿ ಅವನು ಅದನ್ನು ಮುಚ್ಚಿಟ್ಟು ಹಾಡುತ್ತಲೇ ಹೋದ. ಆ ಮುದ್ರಿಕೆಯನ್ನು ಇಂದು ಕೇಳಿದರೆ ಕರುಳು ಕಿವುಚಿದಂತಾಗುತ್ತದೆ. ಆಯಾಸವಿಲ್ಲದೆ ಏರುತ್ತಿದ್ದ ಆ ದನಿ ಅಲ್ಲಿ ಬಿರುಕುಬಿಟ್ಟಿದೆ. ಕಂಠ ಆಮೇಲೆ ತಕ್ಕಮಟ್ಟಿಗೆ ಚೇತರಿಸಿಕೊಂಡಿತು. ಹಳೆಯ ಎತ್ತರ ಮತ್ತೆ ಬರಲಿಲ್ಲ.

1980ರಲ್ಲಿ ‘ಪಾಪಾಯ್’ ಚಿತ್ರಕ್ಕೆ ಹಾಡುಗಳನ್ನು ರಚಿಸಿದ. ಆ ವರ್ಷದ ಡಿಸೆಂಬರ್ 8ರಂದು ಲೆನನ್ ಗುಂಡಿಗೆ ಬಲಿಯಾದ. ಸಭೆಗಳಿಗೆ ಅಂಜುತ್ತಿದ್ದ ನಿಲ್ಸನ್ ಈಗ ಬಂದೂಕುಗಳ ಹಾವಳಿಯ ವಿರುದ್ಧ ಮಾತನಾಡಲು ಜನರ ಮುಂದೆ ನಿಂತ. ಹಾಡಿಗಾಗಿ ಹತ್ತದ ವೇದಿಕೆಯನ್ನು ಗೆಳೆಯನಿಗಾಗಿ ಹತ್ತಿದ. ಕೊನೆಯ ವರ್ಷಗಳಲ್ಲಿ ಅವನ ಹಣವನ್ನು ನೋಡಿಕೊಳ್ಳುತ್ತಿದ್ದವರಿಂದಲೇ ವಂಚನೆಯಾಗಿ ಗಳಿಸಿದುದೆಲ್ಲ ಹೋಯಿತು. 1993ರಲ್ಲಿ ಹೃದಯಾಘಾತ. ಚೇತರಿಸಿಕೊಂಡು ಮತ್ತೆ ಧ್ವನಿಮುದ್ರಣಕ್ಕೆ ತೊಡಗಿದವನು 1994ರ ಜನವರಿ 15ರಂದು, 52ನೆಯ ವಯಸ್ಸಿನಲ್ಲಿ ತೀರಿಕೊಂಡ. ಆ ಕೊನೆಯ ಹಾಡುಗಳು ಬೆಳಕು ಕಂಡುದು 2019ರಲ್ಲಿ.

ಅವುಗಳಲ್ಲಿ ಹಳೆಯ ಕಂಠವಿಲ್ಲ; ಒರಟಾದ, ವಯಸ್ಸಾದ ದನಿಯಿದೆ. ಆದರೂ ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬ ಆ ವಿವೇಕ ಉಳಿದಿದೆ. ಹಾಗೆಂದ ಮೇಲೆ ಅವನ ಕಲೆ ಕಂಠದಲ್ಲಿ ಮಾತ್ರ ಇರಲಿಲ್ಲ. ಪದವೊಂದನ್ನು ಓದಿ, ಅದರೊಳಗೆ ಯಾರು ನಿಂತು ಮಾತನಾಡುತ್ತಿದ್ದಾರೆಂದು ಕಂಡುಕೊಳ್ಳುವುದರಲ್ಲಿತ್ತು. ಒಳ್ಳೆಯ ಓದುಗ ಮಾಡುವುದೂ ಇದನ್ನೇ ಅಲ್ಲವೆ?

ಹಾಡು ಅವನದಲ್ಲವೆಂದು ತಿಳಿದ ದಿನ ಮೋಸಹೋದೆನೆಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಒಂದೇ ಹಾಡು ದಣಿದ ನೀಲನದೂ ಹೌದು, ಹೊರಟುನಿಂತ ನಿಲ್ಸನ್ನನದೂ ಹೌದು. ಇಬ್ಬರ ಹೆಸರನ್ನೂ ಒಟ್ಟಿಗೆ ಹೇಳುವುದನ್ನು ನಾನು ಕಲಿಯಬೇಕಾಗಿತ್ತು, ತಡವಾಗಿಯಾದರೂ ಕಲಿತೆ.

(ಬಾನುಲಿ ಭಾಷಣದ ಬರಹರೂಪ)